ಆಂಬ್ರೋಸ್ ಪ್ರಿವೆಟ್ ಮುಚ್ಚಲು ಹೋದ ಗೆರೆ

ನಮ್ಮ ಡಾಕ್‌ಯಾರ್ಡಿನಲ್ಲಿ ಆಂಬ್ರೋಸ್ ಪ್ರಿವೆಟ್‌ನಷ್ಟು ನೆಟ್ಟಗೆ ಗೆರೆ ಎಳೆಯುವವನು ಇನ್ನೊಬ್ಬನಿರಲಿಲ್ಲ. ಈ ಮಾತನ್ನು ನಾನು ಸಂತೋಷದಿಂದೇನೂ ಹೇಳುತ್ತಿಲ್ಲ. ಹತ್ತೊಂಬತ್ತು ವರ್ಷ ಅವನ ಪಕ್ಕದಲ್ಲಿ ಬ್ರಷ್ ಹಿಡಿದು ನಿಂತವನು ನಾನು, ಕ್ಲೆಮ್ ಬಡ್. ಹಡಗಿನ ಪಕ್ಕೆಗೆ ಬಳಿಯುವ ನೀರಿನ ಮಟ್ಟದ ಗೆರೆಯನ್ನು ನಾವೆಲ್ಲ ದಾರ ಕಟ್ಟಿ, ಸುಣ್ಣದಪುಡಿ ಉದುರಿಸಿ, ನಾಲಿಗೆ ಕಚ್ಚಿಕೊಂಡು ಎಳೆದರೆ, ಆ ಪುಣ್ಯಾತ್ಮ ಬಾಯಲ್ಲಿ ಪೈಪು ಇಟ್ಟುಕೊಂಡು ಕಣ್ಣಳತೆಯಲ್ಲೇ ಎಳೆದುಬಿಡುತ್ತಿದ್ದ. ಆಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ, ತಲೆ ಒಂದು ಕಡೆಗೆ ವಾಲಿಸಿ ನೋಡಿ, ಉಹೂಂ ಎಂದು ತಾನೇ ತಪ್ಪು ಹುಡುಕುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದಕ್ಕಿಂತ ಹೆಚ್ಚು ಉರಿಸಿದ್ದು ಅವನ ಪ್ರಾಮಾಣಿಕತೆ. ನಮ್ಮಲ್ಲಿ ಯಾರ್ಡಿನ ಸಾಮಾನಿನಿಂದ ಮನೆಗೆ ಏನಾದರೂ ಮಾಡಿಕೊಂಡು ಗೇಟು ದಾಟಿಸುವುದಕ್ಕೆ ಮೊಲ ಹೊಡೆಯುವುದು ಎನ್ನುತ್ತಾರೆ. ಹಿತ್ತಾಳೆಯ ಬೂದಿಬಟ್ಟಲು, ಮಗುವಿನ ಗಾಲಿಕುದುರೆ, ಬೆಂಕಿಗೂಡಿನ ಕಂಬಿ, ಎಲ್ಲವೂ ಮೊಲವೇ. ಇದನ್ನು ಕಳ್ಳತನ ಎಂದು ನಮ್ಮ ಊರಿನ ಪಾದ್ರಿ ಕೂಡ ಅಂದವರಲ್ಲ, ಅವರ ಮನೆಯ ಬಾಗಿಲೂ ಹಡಗಿನ ಬೂದು ಬಣ್ಣದ್ದೇ. ಸಂಜೆ ಗಂಟೆ ಬಾರಿಸಿ ಸಾವಿರಾರು ಸೈಕಲ್‌ಗಳು ಗೇಟಿನ ಕಡೆ ಹೊರಟಾಗ, "ಲೋ, ಕಿವಿ ಆಚೆ ಕಾಣ್ತಿದೆ, ಒಳಗೆ ತುರ್ಕೋ!" ಎಂದು ಹಿಂದಿನವನು ಮುಂದಿನವನ ಕೋಟು ನೋಡಿ ಕೂಗುತ್ತಿದ್ದ. ಆಂಬ್ರೋಸ್ ಮಾತ್ರ ಮೂವತ್ತೊಂದು ವರ್ಷದಲ್ಲಿ ಒಂದು ಮೊಳೆಯನ್ನೂ ಒಯ್ದವನಲ್ಲ. ಗೇಟಿನ ಪೊಲೀಸರು ಅವನನ್ನು ತಡಕುವುದನ್ನೇ ಬಿಟ್ಟಿದ್ದರು.

"ನಿನ್ನನ್ನ ಸ್ವರ್ಗದ ಗೇಟಲ್ಲೂ ಯಾರೂ ತಡಕಲ್ಲ ಬಿಡು ಮಾರಾಯ," ಎಂದು ನಾನು ಹಂಗಿಸುತ್ತಿದ್ದೆ.

"ತಡಕಲಿ, ನಂಗೇನು ಭಯ?" ಎನ್ನುತ್ತಿದ್ದ. ಪೈಪಿನ ಹೊಗೆ ಬಿಡುತ್ತಿದ್ದ.

ಹೊಸ ರಾಣಿಯ ಪಟ್ಟಾಭಿಷೇಕದ ವರ್ಷ ಒಂದು ಹಳೆಯ ವಿಮಾನವಾಹಕ ಹಡಗು ನಮ್ಮಲ್ಲಿಗೆ ರಿಪೇರಿಗೆ ಬಂತು. ಯುದ್ಧದಲ್ಲಿ ತುಂಬ ಓಡಾಡಿದ್ದಳು, ನಾವೆಲ್ಲ ಅವಳನ್ನು ಮುದುಕಿ ಎಂದೇ ಕರೆಯುತ್ತಿದ್ದೆವು. ಮುದುಕಿಯ ಮೇಲೆ ಇನ್ನು ಜೆಟ್ ವಿಮಾನಗಳು ಇಳಿಯಬೇಕಂತೆ. ಹಿಂದೆ ವಿಮಾನ ಹಿಂಬದಿಯಿಂದ ಬಂದು ಡೆಕ್ಕಿನ ನಡುಗೆರೆಯ ಮೇಲೆ ಇಳಿದು, ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿಕೊಂಡು ನಿಲ್ಲುತ್ತಿತ್ತು. ಸಿಗದಿದ್ದರೆ ಮುಂದೆ ಎತ್ತರದ ಬಲೆ, ಬಲೆಯ ಆಚೆ ನಿಲ್ಲಿಸಿದ ಬೇರೆ ವಿಮಾನಗಳು ಮತ್ತು ಜನ. ಜೆಟ್ಟಿನ ಭಾರಕ್ಕೂ ವೇಗಕ್ಕೂ ಆ ಬಲೆ ಯಾವ ಮೂಲೆಗೆ? ಅದಕ್ಕೇ ದೊಡ್ಡವರು ಸೇರಿ ಇಳಿಯುವ ದಾರಿಯನ್ನೇ ಎಡಕ್ಕೆ ಓರೆ ಮಾಡಿದರು. ಓರೆ ಗೆರೆಯ ಮೇಲೆ ಬಂದವನಿಗೆ ಹಗ್ಗ ತಪ್ಪಿದರೂ ಮುಂದೆ ಬರೀ ಸಮುದ್ರ, ಮತ್ತೆ ಎದ್ದು ಹಾರಿಕೊಂಡು ಹೋಗಬಹುದು. ಬಲೆಯನ್ನು ತೆಗೆದುಹಾಕಿದರು. ವೆಲ್ಡಿಂಗಿನವರು, ಯಂತ್ರದವರು ಎಲ್ಲ ವರ್ಷಗಟ್ಟಲೆ ಬಡಿದರು. ಕೊನೆಗೆ ಉಳಿದದ್ದು ನಮ್ಮ ಕೆಲಸ: ಹಳೆಯ ನೆಟ್ಟನೆ ಗೆರೆಯನ್ನು ಮುಚ್ಚುವುದು, ಹೊಸ ಓರೆ ಗೆರೆಯನ್ನು ಎಳೆಯುವುದು. ಅದು ಆಂಬ್ರೋಸ್‌ಗೆ ಬಂತು. ಅವನು ಪಿಂಚಣಿಗೆ ಎಂಟು ತಿಂಗಳು ಬಾಕಿ ಇದ್ದವನು, ಇದೇ ತನ್ನ ಕೊನೆಯ ದೊಡ್ಡ ಕೆಲಸ ಎಂದು ಹೊಸ ಬ್ರಷ್ಷು ಕೇಳಿ ತೆಗೆದುಕೊಂಡ.

ಹಳೆಯ ಗೆರೆಯ ಬಿಳಿ ಬಣ್ಣ ವರ್ಷ ವರ್ಷ ಬಳಿದು ಬಳಿದು ದಪ್ಪಗಟ್ಟಿತ್ತು. ಕೆರೆಯುವವರು ಅರೆಬರೆ ಕೆರೆದು ಹೋದರು. ಅದರ ಮೇಲೆ ಬೂದು ಬಣ್ಣ ಮೂರು ಕೋಟು ಬಳಿಯಬೇಕು ಎಂದು ಕಾಗದದಲ್ಲಿತ್ತು. ಮೊದಲ ಎರಡು ಬರೀ ಬಣ್ಣ. ಮೂರನೆಯದಕ್ಕೆ ಒರಟು ಮರಳು ಬೆರೆಸಬೇಕು, ಅದರಿಂದ ನುಣುಪು ಹೋಗಿ ಸುತ್ತಲಿನ ಡೆಕ್ಕಿನಂತೆಯೇ ಮಂಕಾಗಿ ಕೂರುತ್ತದೆ. ಅಷ್ಟು ಉದ್ದದ ಗೆರೆಗೆ ಒಂದು ಕೋಟಿಗೆ ಮೂರು ಗ್ಯಾಲನ್ ಸಾಕು.

ಎರಡನೆಯ ಕೋಟು ಒಣಗುತ್ತಿದ್ದ ವಾರ ಆಂಬ್ರೋಸ್‌ನ ಮುಖ ಸಪ್ಪಗಿತ್ತು. ಅವನ ಮಗಳು ಮೇವಿಸ್ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಳು. ಗಂಡ ಮಾಲ್ಟಾ ಕಡೆ ಯಾವುದೋ ಹಡಗಿನಲ್ಲಿದ್ದ. ಗೋಡೆಯಲ್ಲಿ ತೇವ ಇಳಿದು ಕಪ್ಪಗೆ ಬೂಸಲು, ನಾಲ್ಕು ತಿಂಗಳ ಕೂಸಿಗೆ ಎದೆಯಲ್ಲಿ ಗೊರಗೊರ.

"ಡೆಕ್ಕಿನ ಬಣ್ಣ ಹೊಡಿಯೋ," ಎಂದೆ ನಾನು. "ಸಮುದ್ರಾನೇ ತಡೆಯುತ್ತಂತೆ, ನಿನ್ನ ಮಗಳ ಮನೆ ಗೋಡೆ ಯಾವ ಲೆಕ್ಕ?"

"ಬೇಡ ಕ್ಲೆಮ್."

"ಮೂವತ್ತೊಂದು ವರ್ಷ ದುಡಿದಿದೀಯ, ಒಂದಿಷ್ಟು ಬಣ್ಣಕ್ಕೆ ರಾಜ್ಯ ಮುಳುಗಿಹೋಗಲ್ಲ. ಆ ಕೂಸು ಕೆಮ್ಮಿ ಕೆಮ್ಮಿ ಸಾಯ್ಲಿ ಅಂತೀಯಾ?"

ಆ ಮಾತು ಆಡಬಾರದಿತ್ತು. ಆಡಿದೆ. ದಾರಿ ತೋರಿಸಿಕೊಟ್ಟವನೂ ನಾನೇ. ಹಾಸಿಗೆಯಲ್ಲಿಟ್ಟುಕೊಳ್ಳುವ ಬಿಸಿನೀರಿನ ರಬ್ಬರ್ ಚೀಲ ಇದೆಯಲ್ಲ, ಅದಕ್ಕೆ ಬಣ್ಣ ತುಂಬಿ ಹೊಟ್ಟೆಗೆ ಕಟ್ಟಿಕೊಂಡು ಮೇಲೆ ಕೋಟು ಹಾಕಿಕೊಂಡರೆ ಆಯಿತು, ಸ್ವಲ್ಪ ಬೊಜ್ಜು ಬಂದಂತೆ ಕಾಣುತ್ತದೆ ಅಷ್ಟೆ. ಆಂಬ್ರೋಸ್ ಎರಡು ಸಂಜೆ ಎರಡು ಚೀಲ ದಾಟಿಸಿದ. ಆ ಎರಡೂ ದಿನ ಅವನ ಮುಖ ನೋಡಲಾಗುತ್ತಿರಲಿಲ್ಲ, ಸೈಕಲ್ ಹತ್ತದೆ ತಳ್ಳಿಕೊಂಡೇ ಗೇಟು ದಾಟಿದ. ಡ್ರಮ್ಮು ಹೇಗೂ ತೆರೆದಿದೆಯಲ್ಲ ಎಂದು ನಾನು ಐದು ಚೀಲ ಒಯ್ದೆ. ನನ್ನ ಅಡಿಗೆಮನೆ, ಕೋಳಿಗೂಡು, ಹಿತ್ತಲ ಬಾಗಿಲು. ಒಟ್ಟು ಏಳು. ಅಂದರೆ ಹೆಚ್ಚುಕಡಿಮೆ ಮೂರು ಗ್ಯಾಲನ್.

ಡ್ರಮ್ಮು ಬಗ್ಗಿಸಿದಾಗ ತಳ ಕಂಡಿತು. ಆಂಬ್ರೋಸ್ ಅದರೊಳಗೆ ನೋಡಿ, ಆಮೇಲೆ ನನ್ನನ್ನು ನೋಡಿದ.

"ಎರಡು ಕೋಟಿಗೇ ಮುಚ್ಚಿಹೋಗಿದೆ, ಬೇಕಾದ್ರೆ ನೋಡು," ಎಂದೆ. ನಿಜಕ್ಕೂ ಮುಚ್ಚಿಹೋಗಿತ್ತು. ಒಣ ಡೆಕ್ಕಿನ ಮೇಲೆ ಏನೆಂದರೆ ಏನೂ ಕಾಣುತ್ತಿರಲಿಲ್ಲ. ಅವನು ಮೂರು ಕೋಟು ಆಗಿದೆ ಎಂದು ಕಾಗದಕ್ಕೆ ಸಹಿ ಹಾಕಿದ, ಪೆನ್ನು ಹಿಡಿದ ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಾಕಿದ. ಆಮೇಲೆ ನಾಲ್ಕು ದಿನ ಕೂತು ಹೊಸ ಓರೆ ಗೆರೆ ಎಳೆದ. ಆಹಾ, ಅಂಥ ಗೆರೆ ನಾನು ಇನ್ನೊಂದು ನೋಡಿಲ್ಲ.

ಮುದುಕಿ ಹೊರಡುವುದು ಸೋಮವಾರ ಎಂದು ಗೊತ್ತಾಯಿತು. ಅದರ ಹಿಂದಿನ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಆಂಬ್ರೋಸ್ ನನ್ನ ತೋಳು ಹಿಡಿದು ಡೆಕ್ಕಿನ ಹಿಂತುದಿಗೆ ಎಳೆದುಕೊಂಡು ಹೋದ. ರಾತ್ರಿಯೆಲ್ಲ ಮಳೆ ಸುರಿದು ಆಗಷ್ಟೇ ನಿಂತಿತ್ತು. ನವೆಂಬರಿನ ಸೂರ್ಯ ಮುಂಬದಿಯಲ್ಲಿ ಕೆಳಗೇ ಇದ್ದ.

"ಕೂತ್ಕೊಂಡು ನೋಡು," ಎಂದ.

ಕೂತು ನೋಡಿದೆ. ಒದ್ದೆ ಡೆಕ್ಕಿನ ಮೇಲೆ ಹಳೆಯ ಗೆರೆ ಬಾಲದಿಂದ ಮೂತಿಯವರೆಗೆ ಥಳಥಳ ಹೊಳೆಯುತ್ತಿತ್ತು. ನುಣುಪಾದ ಬಣ್ಣದ ಮೇಲೆ ನೀರು ನಿಂತು ಬಿಸಿಲೆಲ್ಲ ಅಲ್ಲೇ ಕೂಡಿತ್ತು. ಅದರ ಪಕ್ಕದ ಹೊಸ ಗೆರೆ ಆ ಬೆಳಕಿನಲ್ಲಿ ಮಾಸಿಹೋಗಿತ್ತು, ಇದೆಯೆಂದು ಗೊತ್ತಿದ್ದವನಿಗೆ ಮಾತ್ರ ಕಾಣುವಷ್ಟು.

"ಮೇಲಿಂದ ಬರೋನಿಗೆ ಯಾವುದು ಕಾಣುತ್ತೆ?" ಎಂದು ಕೇಳಿದ ಆಂಬ್ರೋಸ್.

"ನೀರು ಕಣೋ. ಒಣಗಿದ್ರೆ ಹೋಗುತ್ತೆ."

"ಕ್ಲೆಮ್, ಅವನಿಗೆ ಯಾವುದು ಕಾಣುತ್ತೆ?"

ಹಳೆಯ ಗೆರೆ ಹಿಡಿದು ಇಳಿದವನಿಗೆ ಹಗ್ಗ ತಪ್ಪಿದರೆ ಎದುರಿಗೆ ಬಲೆಯಿಲ್ಲ. ಎಣ್ಣೆ ತುಂಬಿದ ವಿಮಾನಗಳ ಸಾಲು, ಅವುಗಳ ನಡುವೆ ಓಡಾಡುವ ಹುಡುಗರು. ಹತ್ತು ಗಂಟೆಗೆ ಡೆಕ್ಕು ಒಣಗಿತು, ಗೆರೆ ಮಾಯವಾಯಿತು. ನಾನು ನಿಟ್ಟುಸಿರುಬಿಟ್ಟೆ. ಅವನು ಬಿಡಲಿಲ್ಲ.

ಅಂದಿನಿಂದ ಆಂಬ್ರೋಸ್ ಆಕಾಶ ನೋಡುವುದನ್ನು ಕಲಿತ. ಮೋಡ ಕಂಡರೆ ಬೆವರುತ್ತಿದ್ದ, ಬಿಸಿಲು ಕಂಡರೂ ಬೆವರುತ್ತಿದ್ದ. ಎರಡೂ ಸೇರಿದರೆ ಗೆರೆ ಏಳುತ್ತದಲ್ಲ! ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ಯುತ್ತಿದ್ದ. ಅವನ ಹೆಂಡತಿ ಹೆಟ್ಟಿ ಬುಧವಾರ ಮಾರುಕಟ್ಟೆಯಲ್ಲಿ ನನ್ನನ್ನು ಹಿಡಿದುಕೊಂಡಳು.

"ಏನಾಗಿದೆ ಕ್ಲೆಮ್ ಇವನಿಗೆ? ನಿದ್ದೆ ಇಲ್ಲ, ಊಟ ಇಲ್ಲ. ಊಟದ ಮೇಜಿನ ಮೇಲೆ ನೀರು ಚೆಲ್ಲಿ ಬಗ್ಗಿ ಬಗ್ಗಿ ನೋಡ್ತಾನೆ. ತಲೆ ಗಿಲೆ ಕೆಟ್ಟಿದೆಯಾ?"

"ಕೊನೇ ಕೆಲಸ ಅಲ್ವಾ ಹೆಟ್ಟಿ, ಸ್ವಲ್ಪ ಕಸಿವಿಸಿ," ಎಂದು ನುಣುಚಿಕೊಂಡೆ.

ಗುರುವಾರ ಅವನು ನಮ್ಮ ಮೇಲಿನವನಾದ ಚಾರ್ಜ್‌ಮನ್ ಕಾಟ್ರೆಲ್‌ನನ್ನು ಡೆಕ್ಕಿಗೆ ಕರೆತಂದ. ಮಧ್ಯಾಹ್ನ ಹನ್ನೆರಡು, ಒಣಹವೆ. ಕಾಟ್ರೆಲ್ ಕೈ ಹಿಂದೆ ಕಟ್ಟಿಕೊಂಡು ಆ ತುದಿಯಿಂದ ಈ ತುದಿಗೆ ನಡೆದ.

"ಎಲ್ಲಪ್ಪಾ ಗೆರೆ? ನಂಗೇನೂ ಕಾಣ್ತಿಲ್ಲ."

"ಒದ್ದೆಯಾದಾಗ ಕಾಣುತ್ತೆ ಸಾರ್, ಬೆಳಗಿನ ಬಿಸಿಲಲ್ಲಿ. ಇನ್ನೊಂದು ಕೋಟಿಗೆ ಬಣ್ಣ ಕೊಡಿಸಿ, ಭಾನುವಾರ ಬಂದು ಸುಮ್ನೆ ಮಾಡಿಕೊಡ್ತೀನಿ, ಕೂಲಿ ಬೇಡ."

"ಇನ್ನೊಂದು ಯಾಕೆ? ಮೂರು ಆಗಿದೆ ಅಂತ ನಿನ್ನ ಸಹಿ ಇದೆ. ನಾಲ್ಕನೇದು ಕೇಳಿದ್ರೆ ಸ್ಟೋರಿನವನು ಮೂರಕ್ಕೆ ಕೊಟ್ಟಿದ್ದು ಎಲ್ಲೋಯ್ತು ಅಂತಾನೆ, ನನ್ನ ತಲೆ ತಿಂತಾನೆ." ಕಾಟ್ರೆಲ್ ಕಣ್ಣು ಕಿರಿದು ಮಾಡಿದ. "ಆಗಿದೆಯೋ ಇಲ್ವೋ?"

ಆಂಬ್ರೋಸ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಪಿಂಚಣಿ, ಮಗಳು, ಊರಿನಲ್ಲಿನ ಹೆಸರು, ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿತ್ತು. ನನ್ನದೂ ಅಲ್ಲೇ ನಿಂತಿತ್ತು. ಅವನು ಬಾಯಿ ತೆರೆಯುವುದರೊಳಗೆ ನಾನು ಹೇಳಿದೆ.

"ಆಗಿದೆ ಸಾರ್. ನಾನೇ ಜೊತೇಲಿದ್ದೆ."

"ಮತ್ತೇನು ನಿಂದು ಗೋಳು, ಪ್ರಿವೆಟ್? ರಜೆ ತಗೊಂಡು ಮನೇಲಿ ಮಲಕ್ಕೋ," ಎಂದು ಕಾಟ್ರೆಲ್ ಹೊರಟುಹೋದ.

ಆಂಬ್ರೋಸ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಬೈಯುತ್ತಿದ್ದೆ. ಅವನು ಅಲ್ಲೇ ಒಂದು ಕಬ್ಬಿಣದ ಗೂಟದ ಮೇಲೆ ಕೂತು ಪೈಪಿಗೆ ತಂಬಾಕು ತುಂಬಲು ಹೋಗಿ ಮೂರು ಸಲ ಚೆಲ್ಲಿದ.

ಶನಿವಾರ ನನಗೆ ಕರುಳು ಚುರುಕ್ ಎಂದು, ನನ್ನ ಮನೆಯಲ್ಲಿ ಉಳಿದಿದ್ದ ಒಂದು ಚೀಲ ಬಣ್ಣವನ್ನೇ ಹೊಟ್ಟೆಗೆ ಕಟ್ಟಿಕೊಂಡು ಯಾರ್ಡಿನ ಒಳಗೆ ಒಯ್ದೆ. ಕದ್ದದ್ದನ್ನು ಒಳಗೆ ಕದ್ದು ಒಯ್ದ ಮೊದಲ ಮನುಷ್ಯ ನಾನೇ ಇರಬೇಕು. ಅದು ಹೆಚ್ಚೆಂದರೆ ನೂರು ಅಡಿಗೆ ಸಾಕು, ಗೆರೆ ಏಳುನೂರು ಅಡಿ. ಅದೂ ಇರಲಿ ಎಂದರೆ ಸೋನೆ ಹಿಡಿದು ಬಿಡಲೇ ಇಲ್ಲ. ಒದ್ದೆ ಕಬ್ಬಿಣದ ಮೇಲೆ ಬಣ್ಣ ಕೂರುತ್ತದೆಯೇ? ಬಳಿದದ್ದೆಲ್ಲ ಬೂದುಬಣ್ಣದ ನೀರಾಗಿ ಹರಿಯಿತು. ಇಬ್ಬರೂ ಮೊಣಕಾಲೂರಿ ಚಿಂದಿ ಬಟ್ಟೆಯಿಂದ ಒರೆಸಿದೆವು.

"ಸೋಮವಾರ ಹೊರಟುಹೋಗ್ತಾಳೆ. ಆಮೇಲೆ ದೇವರಿದ್ದಾನೆ," ಎಂದೆ.

"ಹೂಂ," ಎಂದ. ಚಿಂದಿಯನ್ನು ಹಿಂಡಿ, "ಇಳಿಯೋನು ಯಾವನೋ ಇಪ್ಪತ್ತೈದು ವರ್ಷದ ಹುಡುಗ ಇರ್ತಾನೆ ಕ್ಲೆಮ್," ಎಂದ.

ಸೋಮವಾರ ಬೆಳಗಾಯಿತು. ಆಕಾಶ ತೊಳೆದಂತೆ ಸ್ವಚ್ಛ, ಡೆಕ್ಕು ಗಾಳಿಗೆ ಒಣಗಿ ಗರಿಗರಿ. ಬದುಕಿಕೊಂಡೆವು ಎಂದುಕೊಂಡೆ. ಮಧ್ಯಾಹ್ನದ ಉಬ್ಬರಕ್ಕೆ ಹಡಗು ಹೊರಡುವುದು, ನಾವಿಬ್ಬರೂ ಸಣ್ಣಪುಟ್ಟ ಗೀರು ಮುಚ್ಚಲು ಬಕೆಟ್ಟು ಬ್ರಷ್ಷು ಹಿಡಿದು ನಿಂತಿದ್ದೆವು. ಆಗ ಹಾರಾಟದ ಉಸ್ತುವಾರಿಯ ಕಮಾಂಡರ್ ಬಂದ, ಜೊತೆಗೆ ಕಾಟ್ರೆಲ್, ಮತ್ತೆ ಮೊದಲು ಇಳಿಯಬೇಕಾದ ಪೈಲಟ್. ಹ್ಯಾರೋಬಿ ಎಂದು ಹೆಸರು. ಕೆಂಪು ಕೂದಲು, ಮೂಗಿನ ತುಂಬ ಮಚ್ಚೆ. ಅವನು ಹೊಸ ಗೆರೆಯ ಉದ್ದಕ್ಕೂ ಮಗುವಿನಂತೆ ಒಂದರ ಮುಂದೊಂದು ಹೆಜ್ಜೆಯಿಟ್ಟು ನಡೆದು ಬಂದು ನಮ್ಮೆದುರು ನಿಂತ.

"ಇದನ್ನ ಎಳೆದಿದ್ದು ನೀವಾ?" ಎಂದು ಆಂಬ್ರೋಸ್‌ನನ್ನು ಕೇಳಿದ.

"ಹೌದು ಸಾರ್."

"ಒಳ್ಳೇ ಕೆಲಸ ಯಜಮಾನ್ರೇ. ಮೇಲೆ ಗಾಳೀಲಿ ತೂರಾಡ್ತಿರುವಾಗ ಹಡಗೂ ಕಾಣಲ್ಲ, ಸಮುದ್ರಾನೂ ಕಾಣಲ್ಲ. ಗೆರೆ ಒಂದನ್ನೇ ನೋಡ್ಕೊಂಡು ಬಂದುಬಿಡೋದು."

ಆಂಬ್ರೋಸ್ ಬ್ರಷ್ಷನ್ನು ಕೆಳಗಿಟ್ಟ. ನಾನು ಅವನ ಕೋಟಿನ ಚುಂಗು ಹಿಡಿದು ಜಗ್ಗಿದೆ, ದೇವರಾಣೆ ಜಗ್ಗಿದೆ. ಅವನು ಕೊಸರಿಕೊಂಡು ಹೋಗಿ ಬೆಂಕಿ ಆರಿಸಲು ಇಟ್ಟಿದ್ದ ನೀರಿನ ಬಕೆಟ್ಟುಗಳನ್ನು ಒಂದೊಂದಾಗಿ ಎತ್ತಿ ಡೆಕ್ಕಿನ ನಡುವೆ ಸುರಿಯತೊಡಗಿದ. ಒಂದು, ಎರಡು, ಮೂರು.

"ಏಯ್ ಪ್ರಿವೆಟ್! ಹುಚ್ಚು ಹಿಡೀತಾ?" ಎಂದು ಕಾಟ್ರೆಲ್ ಕಿರುಚಿದ.

"ಸಾರ್, ಹಿಂದೆ ಹೋಗಿ ತಗ್ಗಿ ನೋಡಿ. ಕೈ ಮುಗೀತೀನಿ, ಒಂದು ಸಲ ನೋಡಿ," ಎಂದ ಆಂಬ್ರೋಸ್ ಪೈಲಟ್‌ಗೆ.

ಹ್ಯಾರೋಬಿ ಹಿಂತುದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ನೋಡಿದ. ಅವನ ಮುಖದ ನಗು ಹಾಗೇ ಇಂಗಿತು.

"ಎರಡು ಇವೆ ಸಾರ್," ಎಂದ ಕಮಾಂಡರ್‌ಗೆ. "ನಾನು ತಪ್ಪಾದ್ದನ್ನೇ ಹಿಡೀತಿದ್ದೆ."

ಕಮಾಂಡರೂ ತಗ್ಗಿ ನೋಡಿದ. "ಇದು ಹೇಗೆ?" ಎಂದ.

"ನೀರಿನ ಹೊಳಪು ಸಾರ್, ಮೂರು ಕೋಟು ಆಗಿದೆ," ಎಂದು ಕಾಟ್ರೆಲ್ ಶುರುಮಾಡಿದ.

"ಇಲ್ಲ. ಎರಡೇ ಆಗಿರೋದು," ಎಂದ ಆಂಬ್ರೋಸ್. "ಮೂರನೇದಕ್ಕೆ ಕೊಟ್ಟ ಬಣ್ಣ ಕದ್ದೆ. ರಬ್ಬರ್ ಚೀಲದಲ್ಲಿ. ಏಳು ಚೀಲ."

"ಯಾರ್ಯಾರು?"

"ನಾನೊಬ್ಬನೇ."

ಗಾಳಿ ಜೋರಾಗಿತ್ತು. ಆಂಬ್ರೋಸ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ನೋಡಿದರೆ ಯಾರಿಗಾದರೂ ಗೊತ್ತಾದೀತು ಎಂದು. ಕಾಟ್ರೆಲ್ ಮಾತ್ರ ನನ್ನನ್ನು ನೋಡಿದ. ಗುರುವಾರ ನಾನು ಆಡಿದ ಮಾತು ಅವನಿಗೆ ನೆನಪಿತ್ತು. ಆದರೆ ಅದನ್ನು ಎತ್ತಿದರೆ ಆಂಬ್ರೋಸ್ ಗುರುವಾರವೇ ಎಚ್ಚರಿಸಿದ್ದ ಎಂಬುದೂ ಎದ್ದು ಬರುತ್ತದೆ, ಅವನೂ ಬಾಯಿ ಮುಚ್ಚಿಕೊಂಡ. ನಾನು ಬಕೆಟ್ಟಿನ ಹಿಡಿ ಹಿಡಿದುಕೊಂಡು ನಿಂತೆ. ಐದು ನಂದು ಸಾರ್ ಎಂದರೆ ಮೂರು ಮಾತು. ನಾಲಿಗೆ ಏಳಲಿಲ್ಲ. ನನಗೆ ಮೂವರು ಮಕ್ಕಳಿದ್ದರು, ಅದು ಇದು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೇಡಿತನಕ್ಕೆ ಬೇರೆ ಹೆಸರು ಬೇಡ.

ಅಂದೇ ಆಂಬ್ರೋಸ್‌ನನ್ನು ಗೇಟಿನಿಂದಾಚೆ ಕಳಿಸಿದರು. ಪೈಲಟ್ ಅವನ ಪರವಾಗಿ ಏನೋ ಬರೆದುಕೊಟ್ಟನಂತೆ, ಜೈಲು ತಪ್ಪಿತು. ಪಿಂಚಣಿ ಹೋಯಿತು. ಹಳೆಯ ಗೆರೆಯನ್ನು ಬರೀ ಉಕ್ಕು ಕಾಣುವವರೆಗೆ ಉಜ್ಜಿ ತೆಗೆಸಿ, ಮೂರು ಕೋಟು ಬಳಿದು, ಮುದುಕಿಯನ್ನು ನಾಲ್ಕು ದಿನ ತಡವಾಗಿ ಕಳಿಸಿದರು. ಆ ಮೂರು ಕೋಟು ಬಳಿದವನು ನಾನೇ. ಸಮುದ್ರದಲ್ಲಿ ಹ್ಯಾರೋಬಿ ಇಳಿದ ದಿನ ತುಂತುರು ಮಳೆಯಿತ್ತಂತೆ, ಜೊತೆಗೇ ಬಿಸಿಲೂ ಇತ್ತಂತೆ. ಮೊದಲ ಸಲ ಹಗ್ಗ ತಪ್ಪಿತು, ಓರೆ ಗೆರೆಯ ಮೇಲಿಂದ ಹಾಗೇ ಹಾರಿಹೋಗಿ ಸುತ್ತು ಹಾಕಿ ಬಂದು ಎರಡನೆಯ ಸಲ ಇಳಿದ. ಹಡಗಿನಿಂದ ಬಂದವರು ಇದನ್ನು ಹೇಳಿದಾಗ ನಾನು ಗಂಟೆ ಬಾರಿಸಿದ ಮೇಲೂ ಊಟದ ಮನೆಯ ಬೆಂಚಿನ ಮೇಲೆ ಕೂತೇ ಇದ್ದೆ.

ಆಂಬ್ರೋಸ್ ಆಮೇಲೆ ಸಮುದ್ರತೀರದ ಮರದ ಗೂಡಂಗಡಿಗಳಿಗೆ ಬಣ್ಣ ಬಳಿದುಕೊಂಡು, ಮೀನಂಗಡಿಯ ಬೋರ್ಡು ಬರೆದುಕೊಂಡು ಬದುಕಿದ. ಅವನ ಜಾಗ ನನಗೆ ಬಂತು. ನಿವೃತ್ತಿಯ ದಿನ ನನಗೊಂದು ಪದಕವನ್ನೂ ಕೊಟ್ಟರು, ನಿಷ್ಠೆಯ ಸೇವೆಗೆ. ಅವನ ಮನೆ ನನ್ನ ಮನೆಯಿಂದ ಎರಡು ಬೀದಿ ಆಚೆ. ಆರು ವರ್ಷ ನಾನು ಆ ಬೀದಿಯಲ್ಲಿ ಕಾಲಿಡಲಿಲ್ಲ. ಬ್ರೆಡ್ಡಿಗೆ ಹೋಗಬೇಕಾದರೂ ಸುತ್ತುಬಳಸಿ ಹೋಗುತ್ತಿದ್ದೆ.

ಕಳೆದ ತಿಂಗಳು ಅವನು ಎದೆಬೇನೆಯಲ್ಲಿ ತೀರಿಕೊಂಡ. ಹೂಳುವ ದಿನ ಹಿಂದೆ ನಿಂತು ಬಂದುಬಿಟ್ಟೆ. ಮಾರನೆಯ ವಾರ ತಡೆಯಲಾಗದೆ ಹೋಗಿ ಬಾಗಿಲು ತಟ್ಟಿದೆ. ಹೆಟ್ಟಿ ಒಳಗೆ ಕರೆದಳು. ಕೂತೆ. ಟೋಪಿಯನ್ನು ಕೈಯಲ್ಲಿ ಹಿಚುಕುತ್ತಾ ಹೇಳಿಯೇಬಿಟ್ಟೆ.

"ಹೆಟ್ಟಿ, ಆ ಏಳರಲ್ಲಿ ಐದು ನಂದು."

"ಗೊತ್ತು," ಎಂದಳು. ಕೋಪದಿಂದೇನೂ ಅಲ್ಲ. "ಅವತ್ತು ಸಂಜೆನೇ ಹೇಳಿದ್ದ. ಕ್ಲೆಮ್ ಬರ್ತಾನೆ, ಅವನಿಗೂ ಒಂದು ಕಪ್ ಟೀ ಇಡು ಅಂದ. ಇಟ್ಟೆ. ಮಾರನೇ ದಿನಾನೂ ಇಡು ಅಂದ. ಇವತ್ತು ಬರಲಿಲ್ಲ, ಹೆದರಿಕೊಂಡಿದಾನೆ ಪಾಪ, ನಾಳೆ ಬರ್ತಾನೆ ಅಂತ. ಬೇಸಿಗೆವರೆಗೂ ದಿನಾ ಮೂರು ಕಪ್ ಇಟ್ಟೆ ಕಣೋ."

"ಆಮೇಲೆ?"

"ಆಮೇಲೆ ಒಂದಿನ ಅವನೇ ಎದ್ದು ಮೂರನೇ ಕಪ್ಪನ್ನ ತೊಳೆದು ಬೀರುವಿನೊಳಗೆ ಇಟ್ಟ."

ಅವಳು ಎದ್ದು ಬೀರುವಿನ ಬಾಗಿಲು ತೆಗೆದು ಆ ಮೂರನೇ ಕಪ್ಪನ್ನು ಹೊರಗಿಟ್ಟಳು. ಬೇಡ ಹೆಟ್ಟಿ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಕೆಟಲ್ಲನ್ನು ಒಲೆಯ ಮೇಲೆ ಇಟ್ಟಾಗಿತ್ತು. ನಾನು ಮುಖ ಮುಚ್ಚಿಕೊಂಡು ಕೂತೆ.